ಎನ್‌ಬಿಎ ಮ್ಯಾಚ್ ನೋಡಬೇಕಾ? ತಂಡಕ್ಕಿಂತ ಮೊದಲು ಅರೇನಾ ಆರಿಸಿ

ನ್ಯೂಜೆರ್ಸಿಯ ನಮ್ಮ ಮನೆಗೆ ಊರಿಂದ ಯಾರೇ ಬರಲಿ, ನಯಾಗರ ಮತ್ತು ಲಿಬರ್ಟಿ ಪ್ರತಿಮೆಯ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನೋಡೋಕಾಗುತ್ತಾ?’ ಖಂಡಿತ ಆಗುತ್ತೆ. ಆದರೆ ಕೇಳಿದವರು ಮರುಕ್ಷಣವೇ ತಂಡದ ಹೆಸರು ಹೇಳುತ್ತಾರೆ. ಲೇಕರ್ಸ್, ವಾರಿಯರ್ಸ್, ಬುಲ್ಸ್. ನಾನು ಮಾತ್ರ ಮೊದಲು ಅರೇನಾ, ಅಂದರೆ ಪಂದ್ಯ ನಡೆಯುವ ಒಳಾಂಗಣ ಕ್ರೀಡಾಂಗಣ, ಯಾವುದು ಅಂತ ಯೋಚಿಸಿ ಅನ್ನುತ್ತೇನೆ.

ಕಾರಣ ಇದೆ. ನೀವು ಯಾರನ್ನು ನೋಡಲೆಂದು ದುಡ್ಡು ಕೊಟ್ಟಿರೋ ಆ ಆಟಗಾರ ಅವತ್ತು ಮೊಣಕಾಲು ನೋವೆಂದು ಬೆಂಚಿನಲ್ಲಿ ಕೂತಿರಬಹುದು. ತಂಡ ಮೂವತ್ತು ಪಾಯಿಂಟ್‌ಗಳಿಂದ ಸೋಲಬಹುದು. ಕಟ್ಟಡ ಹಾಗೆ ಕೈಕೊಡುವುದಿಲ್ಲ. ಅಲ್ಲಿಗೆ ಹೇಗೆ ಹೋಗುತ್ತೀರಿ, ಎಷ್ಟು ಮೆಟ್ಟಿಲು ಹತ್ತುತ್ತೀರಿ, ಅಂಕಣದಿಂದ ಎಷ್ಟು ದೂರ ಕೂರುತ್ತೀರಿ, ಎಲ್ಲವೂ ಮೊದಲೇ ಗೊತ್ತಿರುವ ವಿಷಯ. ಎನ್‌ಬಿಎ, ಅಂದರೆ ಇಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ 30 ತಂಡಗಳಿವೆ. 2024ರಲ್ಲಿ ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ಸ್ವಂತ ಮನೆ ಕಟ್ಟಿಕೊಂಡ ಮೇಲೆ ಪ್ರತಿ ತಂಡಕ್ಕೂ ಬೇರೆ ಬೇರೆ ತವರು. ಆ ಮೂವತ್ತನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ನಮ್ಮವರು ಹೆಚ್ಚಾಗಿ ಹೋಗುವ ಊರುಗಳದ್ದನ್ನೇ ಹೋಲಿಸುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ

ಎನ್‌ಬಿಎ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗಿ ಏಪ್ರಿಲ್ ಮಧ್ಯದವರೆಗೆ ನಡೆಯುತ್ತದೆ. ಪ್ರತಿ ತಂಡಕ್ಕೆ 82 ಪಂದ್ಯ, ಅದರಲ್ಲಿ ಸುಮಾರು ಅರ್ಧ ತವರಿನಲ್ಲಿ. ಆಮೇಲೆ ಪ್ಲೇಆಫ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತುಗಳು, ಜೂನ್‌ವರೆಗೆ. ಆದರೆ ನಮ್ಮ ಅಪ್ಪ ಅಮ್ಮಂದಿರು ಬರುವುದು ಯಾವಾಗ? ಚಳಿ ಬೇಡವೆಂದು ಮೇ ತಿಂಗಳಲ್ಲಿ ಬಂದು, ಅಕ್ಟೋಬರ್‌ನಲ್ಲಿ ಚಳಿ ಶುರುವಾಗುವ ಹೊತ್ತಿಗೆ ವಿಮಾನ ಹತ್ತುತ್ತಾರೆ. ಅಂದರೆ ಸರಿಯಾಗಿ ಆಟ ಇಲ್ಲದ ಕಾಲ.

ಇದಕ್ಕೆ ಒಳ್ಳೆಯ ದಾರಿ ಇದೆ. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ನಡೆಯುವುದೇ ಬೇಸಿಗೆಯಲ್ಲಿ, ಅದೂ ಎಷ್ಟೋ ಕಡೆ ಇದೇ ಅರೇನಾಗಳಲ್ಲಿ. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ನ್ಯೂಯಾರ್ಕ್ ಲಿಬರ್ಟಿ ಆಡುತ್ತದೆ. 2024ರಲ್ಲಿ ಅದೇ ಅಂಕಣದಲ್ಲಿ ಫೈನಲ್‌ನ ಐದನೇ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಚೇಸ್ ಸೆಂಟರ್‌ನಲ್ಲಿ 2025ರಿಂದ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಇದೆ. ಮೊದಲ ಸೀಸನ್‌ನಲ್ಲೇ ತವರಿನ ಎಲ್ಲ ಪಂದ್ಯಗಳ ಟಿಕೆಟ್ ಖಾಲಿಯಾದವು. ಲಾಸ್ ಏಂಜಲೀಸ್‌ನಲ್ಲಿ ಸ್ಪಾರ್ಕ್ಸ್ ತಂಡ ಲೇಕರ್ಸ್ ಮನೆಯಲ್ಲೇ ಆಡುತ್ತದೆ. ಇದನ್ನು ಎನ್‌ಬಿಎಗೆ ಬದಲಿ ಅಂತ ನೋಡಬೇಡಿ. ಆಟ ತುಂಬಾ ಚೆನ್ನಾಗಿದೆ, ಗದ್ದಲವೂ ಕಮ್ಮಿ ಇಲ್ಲ. ಶಾಲೆಯಲ್ಲಿ ಆಡುವ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ನಾನು ಮೊದಲು ಹೇಳುವುದೇ ಇದನ್ನು.

ಐಸ್ ಹಾಕಿಯ ಲೆಕ್ಕ

ಅರೇನಾ ಹೋಲಿಸುವಾಗ ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಈ ಮನೆಯಲ್ಲಿ ಐಸ್ ಹಾಕಿ ತಂಡವೂ ಇದೆಯಾ?

ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಐಸ್ ಹಾಕಿಯ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಎರಡೂ ಆಟ ಒಂದೇ ಕಟ್ಟಡದಲ್ಲಿ ನಡೆಯಬೇಕಾದರೆ ಕಾಯಂ ಸೀಟುಗಳನ್ನು ಐಸ್ ಹಾಕಿಯ ಅಂಕಣದ ಆಚೆಗೇ ಕಟ್ಟಬೇಕು. ಲೆಕ್ಕ ಹಾಕಿ ನೋಡಿ. ಅಕ್ಕಪಕ್ಕದಲ್ಲಿ ಹದಿನೇಳೂವರೆ ಅಡಿ ಮಾತ್ರ ಹಿಂದೆ ಸರಿಯುತ್ತದೆ, ಅದೇನೂ ದೊಡ್ಡದಲ್ಲ. ಆದರೆ ಎರಡು ತುದಿಗಳಲ್ಲಿ, ಅಂದರೆ ರಿಂಗ್ ಹಿಂದೆ, 53 ಅಡಿ ಹಿಂದಕ್ಕೆ ಹೋಗುತ್ತದೆ. ಆ ಖಾಲಿ ಜಾಗಕ್ಕೆ ಬ್ಯಾಸ್ಕೆಟ್‌ಬಾಲ್ ದಿನ ಮಡಚುವ ಸೀಟುಗಳನ್ನು ಎಳೆದು ಹಾಕುತ್ತಾರೆ. ಅವುಗಳ ಇಳಿಜಾರು ಸಾಮಾನ್ಯವಾಗಿ ಕಮ್ಮಿ. ಮುಂದೆ ಎತ್ತರದ ಮನುಷ್ಯ ಕೂತರೆ ನಿಮಗೆ ಕಾಣುವುದು ಅವನ ಟೋಪಿ.

ನ್ಯೂಯಾರ್ಕ್ ನಿಕ್ಸ್, ಬಾಸ್ಟನ್, ಶಿಕಾಗೊ, ಲೇಕರ್ಸ್, ಡಲ್ಲಾಸ್, ಡೆನ್ವರ್, ಟೊರಾಂಟೊ, ಇವೆಲ್ಲ ಹಾಕಿ ತಂಡದ ಜೊತೆ ಮನೆ ಹಂಚಿಕೊಂಡಿರುವ ತಂಡಗಳು. ಚೇಸ್ ಸೆಂಟರ್, ಸ್ಯಾಕ್ರಮೆಂಟೊದ ಅರೇನಾ, ಕ್ಲಿಪ್ಪರ್ಸ್‌ನ ಇಂಟ್ಯೂಟ್ ಡೋಮ್, ಬಾರ್ಕ್ಲೇಸ್, ಇವು ಬ್ಯಾಸ್ಕೆಟ್‌ಬಾಲ್ ಅನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. ಬಾರ್ಕ್ಲೇಸ್‌ನಲ್ಲಿ 2015ರಿಂದ ಕೆಲವು ವರ್ಷ ಒಂದು ಹಾಕಿ ತಂಡ ಬಂದು ಆಡಿತು. ಅಂಕಣದ ಒಂದು ತುದಿಯೇ ಸರಿಯಾಗಿ ಕಾಣದ ಸೀಟುಗಳು ಬೇಕಾದಷ್ಟಿದ್ದವು, ಆ ತಂಡ ಬೇರೆ ಮನೆ ನೋಡಿಕೊಂಡಿತು. ಹಾಕಿಯವರಿಗೆ ಅದು ಕಷ್ಟವಾದ ಕಾರಣವೇ ನಮಗೆ ಅನುಕೂಲ.

ಹಾಗಾಗಿ ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ: ಹಾಕಿ ತಂಡದ ಜೊತೆ ಹಂಚಿಕೊಂಡ ಅರೇನಾದಲ್ಲಿ ರಿಂಗ್ ಹಿಂದಿನ ಕೆಳಗಿನ ಸೀಟಿಗಿಂತ, ಪಕ್ಕದ ಮೇಲಿನ ಸೀಟು ವಾಸಿ. ದುಡ್ಡೂ ಉಳಿಯುತ್ತೆ, ಆಟವೂ ಕಾಣುತ್ತೆ.

ನ್ಯೂಯಾರ್ಕ್: ಗಾರ್ಡನ್ ಒಂದು ಕಡೆ, ಬಾರ್ಕ್ಲೇಸ್ ಇನ್ನೊಂದು ಕಡೆ

ನಿಕ್ಸ್ ತಂಡದ ಮನೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಗ್ಗೆ ನನಗೆ ಪ್ರೀತಿ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಈಗಿನ ಕಟ್ಟಡ 1968ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಅದೇ ಹೆಸರಿನ ನಾಲ್ಕನೇ ಕಟ್ಟಡ ಇದು. ಅದಕ್ಕಾಗಿ 1910ರ ಭವ್ಯವಾದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಿದರು. ಜನರಿಗೆ ಎಷ್ಟು ಸಂಕಟವಾಯಿತೆಂದರೆ, ಹಳೆಯ ಕಟ್ಟಡಗಳನ್ನು ಉಳಿಸಲು 1965ರಲ್ಲಿ ನಗರ ಒಂದು ಕಾನೂನನ್ನೇ ಮಾಡಿತು. ಮೇಲಿನ ನಿಲ್ದಾಣ ಹೋಯಿತು, ನೆಲದಡಿಯ ಹಳಿಗಳು ಉಳಿದವು. ಈಗಲೂ ಎಡಿಸನ್‌ನಲ್ಲೋ ಮೆಟ್ರೊಪಾರ್ಕ್‌ನಲ್ಲೋ ಎನ್‌ಜೆ ಟ್ರಾನ್ಸಿಟ್ ರೈಲು ಹತ್ತಿದರೆ ಪೆನ್ ಸ್ಟೇಷನ್‌ನಲ್ಲಿ ಇಳಿಯುತ್ತೀರಿ. ಇಳಿದ ಜಾಗದ ನೆತ್ತಿಯ ಮೇಲೆಯೇ ಗಾರ್ಡನ್. ಕಾರು ಬೇಡ, ಪಾರ್ಕಿಂಗ್ ಬೇಡ, ಜನವರಿಯ ಚಳಿಯಲ್ಲಿ ನಡೆಯುವ ಕೆಲಸವೂ ಹೆಚ್ಚಿಲ್ಲ. ನ್ಯೂಜೆರ್ಸಿಯಲ್ಲಿ ನೆಲೆಸಿದ ಸಾವಿರಾರು ಕನ್ನಡದ ಮನೆಗಳಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಯಾವ ಅರೇನಾಕ್ಕೂ ಇಲ್ಲ.

ಒಳಗೆ ಹೋದ ಮೇಲೆ ಎಸ್ಕಲೇಟರ್ ಹತ್ತುತ್ತಲೇ ಇರಬೇಕು. ಯಾಕೆಂದರೆ ಆಟದ ಅಂಕಣ ಇರುವುದೇ ಬೀದಿಯಿಂದ ಐದು ಮಹಡಿ ಎತ್ತರದಲ್ಲಿ. ತಲೆಯೆತ್ತಿ ನೋಡಿದರೆ ದುಂಡನೆಯ ಚಾವಣಿ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಕೇಬಲ್‌ಗಳ ಮೇಲೆ ನಿಂತಿದೆ. ನಡುವೆ ಒಂದು ಕಂಬವೂ ಇಲ್ಲ. ದೀಪವೆಲ್ಲ ಅಂಕಣದ ಮೇಲೆ, ಪ್ರೇಕ್ಷಕರು ಕತ್ತಲಲ್ಲಿ. ರಾತ್ರಿ ಯಕ್ಷಗಾನದ ಮೇಳದಲ್ಲಿ ರಂಗಸ್ಥಳ ಮಾತ್ರ ಬೆಳಗುತ್ತದಲ್ಲ, ಹಾಗೆ. ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ.

ನಮ್ಮ ಅಪ್ಪ ಕಾಲೇಜು ದಿನಗಳಲ್ಲಿ ಸಿಮೆಂಟ್ ಕೋರ್ಟಿನಲ್ಲಿ ಆಡಿದವರು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಮೇಲಿನ ಹಂತದಲ್ಲಿ, ಪಕ್ಕದ ಸಾಲಿನಲ್ಲಿ ಸೀಟು ಸಿಕ್ಕಿತ್ತು. ಮೊದಲ ಕ್ವಾರ್ಟರ್ ಪೂರ್ತಿ ಒಂದು ಮಾತೂ ಆಡಲಿಲ್ಲ. ಕೈಯಲ್ಲಿ ಹಿಡಿದ ಪಾಪ್‌ಕಾರ್ನ್ ಪೊಟ್ಟಣ ಹಾಗೇ ಇತ್ತು. ನನಗೆ ಭಯವಾಯಿತು, ಬೇಜಾರಾಯಿತೇನೋ ಅಂತ. ಎರಡನೇ ಕ್ವಾರ್ಟರ್‌ನಲ್ಲಿ ನನ್ನ ಕಡೆ ಬಾಗಿ, ‘ಚೆಂಡು ಬಿಡು, ಆ ಮೂಲೇಲಿರೋ ಹುಡುಗನ ಕಾಲು ನೋಡು. ಈಗ ಹೊರಡ್ತಾನೆ’ ಅಂದರು. ಅವನು ಹೊರಟ. ಅವನದೇ ತಂಡದ ಒಬ್ಬ ದಢೂತಿ ಆಟಗಾರ ಅಡ್ಡ ನಿಂತ, ಹುಡುಗನನ್ನು ಹಿಂಬಾಲಿಸುತ್ತಿದ್ದ ಎದುರಾಳಿ ಆ ದಢೂತಿಗೆ ಡಿಕ್ಕಿ ಹೊಡೆದ, ಹುಡುಗನಿಗೆ ಚೆಂಡು ಸಿಕ್ಕಿತು. ಅಪ್ಪ ತೊಡೆ ತಟ್ಟಿದರು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಮೇಲಿನಿಂದ ಹತ್ತೂ ಜನ ಒಟ್ಟಿಗೆ ಕಾಣುತ್ತಾರೆ. ಆಟ ಗೊತ್ತಿರುವವರಿಗೆ ಆ ಸೀಟೇ ಚೆಂದ ಅಂತ ನನಗೆ ಗಟ್ಟಿಯಾದದ್ದು ಅವತ್ತು.

ಇದೇ ಕಟ್ಟಡದಲ್ಲಿ 1970ರ ಮೇ 8ರಂದು ಫೈನಲ್‌ನ ಏಳನೇ ಪಂದ್ಯ ನಡೆಯಿತು. ತೊಡೆಯ ಸ್ನಾಯು ಹರಿದಿದ್ದ ನಾಯಕ ವಿಲ್ಲಿಸ್ ರೀಡ್ ಆಡುವುದೇ ಅನುಮಾನವಿತ್ತು. ಕುಂಟುತ್ತಾ ಅಂಕಣಕ್ಕೆ ಬಂದು ನಿಕ್ಸ್‌ನ ಮೊದಲ ಎರಡು ಬ್ಯಾಸ್ಕೆಟ್ ಹಾಕಿದರು. ಆ ರಾತ್ರಿ ಅವರು ಗಳಿಸಿದ್ದು ಆ ನಾಲ್ಕು ಪಾಯಿಂಟ್ ಮಾತ್ರ. ನಿಕ್ಸ್ 113–99ರಿಂದ ಗೆದ್ದಿತು. ನಮ್ಮ ಬೆಂಗಳೂರಿನ ಗುರುತೂ ಅಲ್ಲಿದೆ. ಗಾರ್ಡನ್ ಕಟ್ಟಡದೊಳಗೇ ಇರುವ ಚಿಕ್ಕ ರಂಗಮಂದಿರಕ್ಕೆ ಈಗ ಇನ್ಫೊಸಿಸ್ ಹೆಸರು.

ಕೊರತೆ ಇಲ್ಲವೇ? ಇದೆ. 2011ರಿಂದ 2013ರವರೆಗೆ ಮೂರು ಬೇಸಿಗೆ ನವೀಕರಣ ಮಾಡಿದಾಗ ಚಾವಣಿಯಿಂದ ಎರಡು ಸೇತುವೆಗಳನ್ನು ತೂಗಿಬಿಟ್ಟರು. ಸೇತುವೆಯಲ್ಲಿ ಕೂತವರಿಗೆ ಅಂಕಣ ನೇರ ಕಾಲಡಿಯಲ್ಲಿ ಕಾಣುತ್ತದೆ, ಅದೊಂದು ಬೇರೆಯೇ ಅನುಭವ. ಆದರೆ ಅದರ ಹಿಂದಿನ ಮೇಲಿನ ಸಾಲುಗಳಲ್ಲಿ ಕೂತವರಿಗೆ ಮಧ್ಯದ ಸ್ಕೋರ್‌ಬೋರ್ಡ್ ಮರೆಯಾಗುತ್ತದೆ. ಹಾಗಾಗಿ ಮೇಲಿನ ಹಂತದ 200ರ ಸೆಕ್ಷನ್‌ಗಳಲ್ಲಿ ಆದಷ್ಟು ಮುಂದಿನ ಸಾಲು ತೆಗೆದುಕೊಳ್ಳಿ. ಇನ್ನು ಬೆಲೆ. ನಿಕ್ಸ್ ಟಿಕೆಟ್ ಇಡೀ ಲೀಗ್‌ನಲ್ಲೇ ದುಬಾರಿ ಸಾಲಿಗೆ ಸೇರುತ್ತದೆ. ನಾಲ್ಕು ಜನರ ಸಂಸಾರಕ್ಕೆ ಒಳ್ಳೆಯ ಪೆಟ್ಟು.

ಆಗ ಬಾರ್ಕ್ಲೇಸ್ ಕಡೆ ನೋಡಬೇಕು. 2012ರಲ್ಲಿ ನೆಟ್ಸ್ ತಂಡ ನಮ್ಮ ನ್ಯೂಜೆರ್ಸಿಯನ್ನು ಬಿಟ್ಟು ಬ್ರೂಕ್ಲಿನ್‌ಗೆ ಹೋದಾಗ ಕಟ್ಟಿದ ಮನೆ. ಹೊರಗೆ ತುಕ್ಕು ಬಣ್ಣದ ಉಕ್ಕಿನ ಹಲಗೆಗಳು. ಬೇಕೆಂದೇ ತುಕ್ಕು ಹಿಡಿಸಿದ್ದು. ಅಂಕಣ ಬೀದಿಯ ಮಟ್ಟಕ್ಕಿಂತ ಕೆಳಗಿದೆ. ಹಾಗಾಗಿ ಗಾರ್ಡನ್‌ಗೆ ಪೂರ್ತಿ ಉಲ್ಟಾ: ಅಲ್ಲಿ ಹತ್ತಬೇಕು, ಇಲ್ಲಿ ಇಳಿಯಬೇಕು. ಬಾಗಿಲ ಮುಂದಿನ ಚೌಕದಲ್ಲಿ ನಿಂತರೆ ಗಾಜಿನ ಒಳಗಿಂದ ಸ್ಕೋರ್‌ಬೋರ್ಡ್ ಕಾಣುತ್ತದೆ. ಅಕ್ಕನ ಮಗ ಮೊದಲ ಸಲ ಅದನ್ನು ನೋಡಿ, ಟಿಕೆಟ್ ತೋರಿಸುವ ಸಾಲಿನಲ್ಲಿ ನಿಲ್ಲಲಾರದೆ ನನ್ನ ಕೋಟು ಹಿಡಿದು ಎಳೆಯುತ್ತಿದ್ದ. ಸಬ್‌ವೇಯ ಒಂಬತ್ತು ಮಾರ್ಗಗಳು ಬಾಗಿಲಿಗೇ ಬರುತ್ತವೆ. ಆಸನ 17,732. ಟಿಕೆಟ್ ನಿಕ್ಸ್‌ಗಿಂತ ಎಷ್ಟೋ ಅಗ್ಗ, ವಾರದ ಮಧ್ಯೆ ಇನ್ನೂ ಕಮ್ಮಿ. ಒಂದೇ ಎಚ್ಚರಿಕೆ: ಮೇಲಿನ ಹಂತ ತುಂಬಾ ಕಡಿದು. ಅಂಕಣ ಚೆನ್ನಾಗಿ ಕಾಣುವುದೇ ಆ ಕಡಿದಾದ ಇಳಿಜಾರಿನಿಂದ. ಆದರೆ ಮಂಡಿ ನೋವಿರುವ ಅಮ್ಮನನ್ನು ಅಲ್ಲಿಗೆ ಹತ್ತಿಸಬೇಡಿ.

ನನ್ನ ತೀರ್ಮಾನ ಕೇಳಿದರೆ: ಒಂದೇ ಒಂದು ಸಲ ನೋಡುವವರು, ಆಟ ಗೊತ್ತಿರುವ ದೊಡ್ಡವರು, ಗಾರ್ಡನ್‌ಗೇ ಹೋಗಲಿ. ಮಕ್ಕಳಿದ್ದರೆ, ಒಂದಕ್ಕಿಂತ ಹೆಚ್ಚು ಸಲ ಹೋಗುವ ಆಸೆ ಇದ್ದರೆ ಬಾರ್ಕ್ಲೇಸ್. ಗಾರ್ಡನ್‌ಗೆ ಹೋಗುವ ದಿನ ಊಟದ ಚಿಂತೆಯೂ ಇಲ್ಲ. ಲೆಕ್ಸಿಂಗ್ಟನ್ ಅವೆನ್ಯೂನ 26ರಿಂದ 28ನೇ ಬೀದಿಯ ಸುತ್ತ ದಕ್ಷಿಣ ಭಾರತದ ಹೋಟೆಲುಗಳಿವೆ. ಸಂಜೆ ದೋಸೆ, ಕಾಫಿ ಮುಗಿಸಿ ನಡೆದರೆ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ದೂರ.

ಬಾಸ್ಟನ್: ನೆಲ ನೋಡಲೆಂದೇ ಹೋಗಬಹುದು

ಸೆಲ್ಟಿಕ್ಸ್ ತಂಡದ ಮನೆ ಟಿಡಿ ಗಾರ್ಡನ್ 1995ರಲ್ಲಿ ತೆರೆದ, ಹೊರಗಿಂದ ನೋಡಿದರೆ ಸಾಧಾರಣ ಕಟ್ಟಡ. ಇದೂ ನಾರ್ತ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಮೇಲೆಯೇ ಕೂತಿದೆ. ಆದರೆ ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಕೆಳಗೆ ಹೋಗುತ್ತದೆ. ಬೇರೆ ಹೆಚ್ಚಿನ ಕಡೆ ಮರದ ಪಟ್ಟಿಗಳು ಉದ್ದಕ್ಕೆ ಹರಿದಿರುತ್ತವೆ. ಇಲ್ಲಿ ಚೌಕ ಚೌಕ. ಒಂದು ಚೌಕದಲ್ಲಿ ಮರದ ಎಳೆ ಅಡ್ಡಕ್ಕೆ, ಪಕ್ಕದ್ದರಲ್ಲಿ ಉದ್ದಕ್ಕೆ. ದೀಪ ಬಿದ್ದಾಗ ಒಂದು ಹೊಳೆಯುತ್ತದೆ, ಪಕ್ಕದ್ದು ಮಂಕಾಗುತ್ತದೆ. ಚಾಪೆ ಹೆಣೆದ ಹಾಗೆ.

ಈ ವಿನ್ಯಾಸ ಯಾರೋ ಚೆಂದಕ್ಕೆ ಮಾಡಿದ್ದಲ್ಲ. 1946ರಲ್ಲಿ, ಎರಡನೇ ಮಹಾಯುದ್ಧ ಆಗತಾನೇ ಮುಗಿದಿತ್ತು. ಉದ್ದನೆಯ ಮರ ಸಿಗುತ್ತಿರಲಿಲ್ಲ. ಉಳಿದ ಓಕ್ ಮರದ ತುಂಡುಗಳನ್ನೇ ಜೋಡಿಸಿ ಐದೈದು ಅಡಿಯ ಚೌಕಗಳನ್ನು ಮಾಡಿದರು. ಹಳೆಯ ಬಾಸ್ಟನ್ ಗಾರ್ಡನ್‌ನಲ್ಲಿ ದಶಕಗಳ ಕಾಲ ಆ ನೆಲದ ಮೇಲೆ ಬಿಲ್ ರಸೆಲ್, ಲ್ಯಾರಿ ಬರ್ಡ್‌ರಂಥ ದಿಗ್ಗಜರು ಆಡಿದರು. ಹೊಸ ಕಟ್ಟಡಕ್ಕೂ ಅದೇ ನೆಲ ಬಂತು, 1999ರವರೆಗೆ ಬಳಸಿದರು. ಈಗಿರುವುದು ಹೊಸ ಮರ, ಅದೇ ಹೆಣಿಗೆ. ಬಡತನದಲ್ಲಿ ಮಾಡಿದ ಅಡುಗೆಯೇ ಆಮೇಲೆ ಮನೆತನದ ರುಚಿ ಆಗುತ್ತದಲ್ಲ, ನನಗೆ ಈ ನೆಲ ನೋಡಿದಾಗೆಲ್ಲ ಅದೇ ನೆನಪು.

ತಲೆಯ ಮೇಲೆ ಚಾಂಪಿಯನ್ ಆದ ವರ್ಷಗಳ ಬಾವುಟಗಳು. 2024ರಲ್ಲಿ 18ನೆಯದು ಸೇರಿತು. ಇಷ್ಟು ಬಾವುಟ ಬೇರೆ ಯಾವ ತಂಡದ ಚಾವಣಿಯಲ್ಲೂ ಇಲ್ಲ. ಆಸನ 19,156. ಹಾಕಿ ತಂಡ ಬ್ರೂಯಿನ್ಸ್ ಇಲ್ಲಿಯೇ ಇದೆ. ಆದ್ದರಿಂದ ರಿಂಗ್ ಹಿಂದಿನ ಸೀಟಿನ ಬಗ್ಗೆ ಮೇಲೆ ಹೇಳಿದ ಮಾತು ಇಲ್ಲೂ ಅನ್ವಯಿಸುತ್ತದೆ. ಕೆಲವೊಮ್ಮೆ ಮಧ್ಯಾಹ್ನ ಹಾಕಿ, ರಾತ್ರಿ ಬ್ಯಾಸ್ಕೆಟ್‌ಬಾಲ್. ಮಂಜುಗಡ್ಡೆ ಕರಗಿಸುವುದಿಲ್ಲ, ಅದರ ಮೇಲೆ ಹೊದಿಕೆ ಹಾಸಿ ಮರದ ಚೌಕಗಳನ್ನು ಜೋಡಿಸುತ್ತಾರೆ. ಬ್ಯಾಗಿನ ವಿಷಯದಲ್ಲಿ ಇಲ್ಲಿ ತುಂಬಾ ಕಟ್ಟುನಿಟ್ಟು. ಅಂಗೈಯಗಲದ ಪರ್ಸ್ ಬಿಟ್ಟರೆ ಸಾಮಾನ್ಯವಾಗಿ ಬೇರೆ ಬ್ಯಾಗನ್ನು ಒಳಗೆ ಬಿಡುವುದಿಲ್ಲ. ವ್ಯಾನಿಟಿ ಬ್ಯಾಗ್ ಕೂಡ ಮನೆಯಲ್ಲೇ ಇರಲಿ.

ಬೇ ಏರಿಯಾ: ಹತ್ತಿರದ್ದಾ, ಗದ್ದಲದ್ದಾ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ, ಸನ್ನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್ ಕಡೆ ಇರುವವರಿಗೆ ಉತ್ತರ ಸುಲಭ ಅನ್ನಿಸಬಹುದು. ವಾರಿಯರ್ಸ್ ಮನೆ ಚೇಸ್ ಸೆಂಟರ್ ಇದೆಯಲ್ಲ! 2019ರ ಸೆಪ್ಟೆಂಬರ್‌ನಲ್ಲಿ ತೆರೆದದ್ದು. ಸರ್ಕಾರದ ದುಡ್ಡಿಲ್ಲದೆ, ಖಾಸಗಿ ಹಣದಲ್ಲೇ ಕಟ್ಟಿದ್ದು. ಅಮೆರಿಕದಲ್ಲಿ ಎಷ್ಟೋ ಅರೇನಾಗಳು ಜನರ ತೆರಿಗೆಯಲ್ಲಿ ನಿಂತಿರುವಾಗ ಇದು ದೊಡ್ಡ ವಿಷಯ. 18,064 ಆಸನ, ಹಾಕಿ ಇಲ್ಲ, ಯಾವ ಮೂಲೆಯಲ್ಲಿ ಕೂತರೂ ಆಟ ಕಾಣುತ್ತದೆ. ಪಂದ್ಯದ ಟಿಕೆಟ್ ತೋರಿಸಿದರೆ ನಗರದ ಮ್ಯೂನಿ ರೈಲು, ಬಸ್ಸುಗಳಲ್ಲಿ ಆ ದಿನ ಬೇರೆ ಚಾರ್ಜು ಕೊಡಬೇಕಿಲ್ಲ. ದಕ್ಷಿಣದಿಂದ ಬರುವವರು ಕಾಲ್‌ಟ್ರೇನ್‌ನಲ್ಲಿ ಬಂದು, ಕೊನೆಯ ನಿಲ್ದಾಣದಿಂದ ಸುಮಾರು ಒಂದು ಮೈಲಿ ನಡೆದರೂ ಆಯಿತು. ಪಕ್ಕದಲ್ಲೇ ಸಮುದ್ರದ ಕೊಲ್ಲಿ, ಗಾಳಿ ಚೆನ್ನಾಗಿ ಬೀಸುತ್ತದೆ. ಸ್ವೆಟರ್ ಮರೆಯಬೇಡಿ.

ಆದರೆ ಒಂದು ಮಾತು ಹೇಳಲೇಬೇಕು. ವಾರಿಯರ್ಸ್ 2015, 2017, 2018ರಲ್ಲಿ ಚಾಂಪಿಯನ್ ಆದಾಗ ಅವರ ತವರು ಕೊಲ್ಲಿಯ ಆಚೆ, ಓಕ್‌ಲ್ಯಾಂಡ್‌ನಲ್ಲಿತ್ತು. 1966ರ ಹಳೆಯ ಕಟ್ಟಡ. ಅದರ ಹೆಸರು ಓರೇಕಲ್ ಅರೇನಾ; ಅಲ್ಲಿನ ಗದ್ದಲಕ್ಕೆ ಜನ ಇಂಗ್ಲಿಷ್‌ನ ‘ರೋರ್’ (ಗರ್ಜನೆ) ಸೇರಿಸಿ ‘ರೋರೇಕಲ್’ ಅಂತ ಅಡ್ಡಹೆಸರು ಇಟ್ಟಿದ್ದರು. ವರ್ಷಗಟ್ಟಲೆ ತಂಡ ಸೋಲುತ್ತಿದ್ದಾಗಲೂ ಬಂದು ಕೂಗಿದ ಓಕ್‌ಲ್ಯಾಂಡ್ ಜನರಲ್ಲಿ ಎಷ್ಟೋ ಮಂದಿಗೆ ಹೊಸ ಮನೆಯ ಟಿಕೆಟ್ ಕೈಗೆಟುಕಲಿಲ್ಲ. ಚೇಸ್ ಸೆಂಟರ್ ಚೆಂದವಿದೆ, ಸ್ವಚ್ಛವಿದೆ, ಎಲ್ಲವೂ ಸಲೀಸು. ಆ ಹಳೆಯ ಕೂಗು ಮಾತ್ರ ಪೂರ್ತಿ ಜೊತೆಗೆ ಬರಲಿಲ್ಲ ಅಂತ ನನಗನ್ನಿಸುತ್ತದೆ.

ಆ ಕೂಗು ಬೇಕಾದವರು ಎರಡು ಗಂಟೆ ಕಾರು ಓಡಿಸಿ ಸ್ಯಾಕ್ರಮೆಂಟೊಗೆ ಹೋಗಬೇಕು. ನನ್ನ ಭಾವ ಸನ್ನಿವೇಲ್‌ನಲ್ಲಿದ್ದಾರೆ. ‘ಪಕ್ಕದಲ್ಲೇ ವಾರಿಯರ್ಸ್ ಇರುವಾಗ ಅಷ್ಟು ದೂರ ಯಾಕೆ?’ ಅಂತ ಮೊದಲು ನನ್ನನ್ನೇ ಕೇಳಿದ್ದರು. ಈಗ ಅವರೇ ಜನರನ್ನು ಕರೆದುಕೊಂಡು ಹೋಗುತ್ತಾರೆ.

ಅಲ್ಲಿನ ಗೋಲ್ಡನ್ 1 ಸೆಂಟರ್ 2016ರಲ್ಲಿ ತೆರೆಯಿತು. 17,608 ಆಸನ. ಅದಕ್ಕೂ ಮೊದಲು ಆ ಊರು ತನ್ನ ತಂಡವನ್ನೇ ಕಳೆದುಕೊಳ್ಳುವುದರಲ್ಲಿತ್ತು. ಕಿಂಗ್ಸ್ ತಂಡವನ್ನು ಸಿಯಾಟಲ್‌ಗೆ ಸಾಗಿಸುವ ಮಾತು ನಡೆದಿತ್ತು. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ನೇತೃತ್ವದ ಗುಂಪು 2013ರಲ್ಲಿ ತಂಡವನ್ನು ಕೊಂಡು ಊರಲ್ಲೇ ಉಳಿಸಿತು. 2019ರ ಅಕ್ಟೋಬರ್‌ನಲ್ಲಿ ಭಾರತದ ನೆಲದಲ್ಲಿ ಮೊದಲ ಎನ್‌ಬಿಎ ಪಂದ್ಯಗಳು ಮುಂಬೈಯಲ್ಲಿ ನಡೆದವಲ್ಲ, ಅಲ್ಲಿ ಇಂಡಿಯಾನಾ ಪೇಸರ್ಸ್ ವಿರುದ್ಧ ಆಡಿದ್ದು ಇದೇ ಕಿಂಗ್ಸ್. ಮೊದಲ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಒಂದೇ ಪಾಯಿಂಟ್‌ನಲ್ಲಿ ಮುಗಿದಿತ್ತು.

ಕಟ್ಟಡವೂ ಬುದ್ಧಿವಂತಿಕೆಯದ್ದು. ವಿದ್ಯುತ್ ಸೂರ್ಯನಿಂದ. ಮುಂದಿನ ಬಾಗಿಲುಗಳು ವಿಮಾನ ನಿಲ್ಲಿಸುವ ಶೆಡ್ಡಿನ ಬಾಗಿಲಿನ ಹಾಗೆ, ಭಾರಿ ದೊಡ್ಡವು. ಹವೆ ಚೆನ್ನಾಗಿದ್ದ ಸಂಜೆ ಅವನ್ನು ತೆರೆದು ನದಿಯ ಕಡೆಯಿಂದ ಬರುವ ತಂಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ತಂಪು ಗಾಳಿ ಚಾವಣಿಯಿಂದ ಸುರಿಯುವುದಿಲ್ಲ, ಸೀಟಿನ ಬುಡದಿಂದ ಏಳುತ್ತದೆ. ಊರಿಗೆ ಇದೊಂದೇ ಎನ್‌ಬಿಎ ತಂಡ. ಗೆದ್ದರೆ ಅರೇನಾದ ಮೇಲಿಂದ ನೇರಳೆ ಬಣ್ಣದ ಬೆಳಕಿನ ಕಂಬ ಆಕಾಶಕ್ಕೆ ಏಳುತ್ತದೆ. 2022ರಲ್ಲಿ ಶುರುವಾದ ಈ ಸಂಪ್ರದಾಯದ ಮುಂದಿನ ವಸಂತದಲ್ಲೇ, 16 ಸೀಸನ್‌ಗಳ ಬರಗಾಲ ಮುಗಿದು ತಂಡ ಪ್ಲೇಆಫ್ ತಲುಪಿತು. ‘ಬೀಮ್ ಹಚ್ಚಿ’ ಅಂತ ಇಡೀ ಜನ ಕೂಗುವಾಗ ಮೈ ಜುಮ್ಮೆನ್ನುತ್ತೆ.

ಹಾಗಾದರೆ ಯಾವುದು? ವಯಸ್ಸಾದವರು ಜೊತೆಗಿದ್ದರೆ ಅಥವಾ ಮರುದಿನ ಕೆಲಸವಿದ್ದರೆ ಚೇಸ್ ಸೆಂಟರ್. ಒಂದು ರಾತ್ರಿ ಉಳಿಯಲು ಆದರೆ ಸ್ಯಾಕ್ರಮೆಂಟೊ. ಖರ್ಚೂ ಕಮ್ಮಿ.

ಲಾಸ್ ಏಂಜಲೀಸ್‌ನಲ್ಲಿ ಎರಡು ಮನೆ

1999ರಿಂದ 2024ರವರೆಗೆ ಲೇಕರ್ಸ್ ಮತ್ತು ಕ್ಲಿಪ್ಪರ್ಸ್ ಒಂದೇ ಸೂರಿನಡಿ ಇದ್ದವು. ಆಗ ಸ್ಟೇಪಲ್ಸ್ ಸೆಂಟರ್ ಅಂತಿದ್ದ ಅದು 2021ರ ಕ್ರಿಸ್‌ಮಸ್ ದಿನದಿಂದ ಕ್ರಿಪ್ಟೊ.ಕಾಮ್ ಅರೇನಾ. ಹಾಕಿ ತಂಡವೂ ಸೇರಿ ಸಿಬ್ಬಂದಿಗೆ ನೆಲ ಬದಲಿಸುವುದೇ ಕೆಲಸ. ಇಲ್ಲಿಗೆ ಹೋಗಲು ಕಾರಣ ಲೇಕರ್ಸ್ ಒಂದೇ ಅಲ್ಲ, ಹೊರಗಿರುವ ಪ್ರತಿಮೆಗಳೂ ಹೌದು. ಮ್ಯಾಜಿಕ್ ಜಾನ್ಸನ್, ಕರೀಂ ಅಬ್ದುಲ್ ಜಬ್ಬಾರ್, ಶಕೀಲ್ ಓ’ನೀಲ್, ಕೋಬಿ ಬ್ರ್ಯಾಂಟ್. ಟಿಕೆಟ್ ಇಲ್ಲದೆಯೂ ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಮೆಟ್ರೊ ರೈಲಿನ ಪೀಕೊ ನಿಲ್ದಾಣ ಹತ್ತಿರದಲ್ಲೇ ಇದೆ.

ಇಂಟ್ಯೂಟ್ ಡೋಮ್ ಮಾತ್ರ ಬೇರೆಯೇ ಜಾತಿ. ಮೈಕ್ರೊಸಾಫ್ಟ್ ನಡೆಸಿದ್ದ ಸ್ಟೀವ್ ಬಾಲ್ಮರ್ ಸುಮಾರು 2 ಬಿಲಿಯನ್ ಡಾಲರ್ ಸುರಿದು ಇಂಗಲ್‌ವುಡ್‌ನಲ್ಲಿ ಕಟ್ಟಿಸಿ 2024ರ ಆಗಸ್ಟ್‌ನಲ್ಲಿ ತೆರೆದರು. ಒಂದು ರಿಂಗ್ ಹಿಂದೆ 51 ಸಾಲು ಎಲ್ಲೂ ಮುರಿಯದೆ ಗೋಡೆಯ ಹಾಗೆ ಮೇಲೇರುತ್ತದೆ. ಅದರ ಹೆಸರೇ ಗೋಡೆ, ‘ದ ವಾಲ್’. ಅಲ್ಲಿ ದುಡ್ಡಿದ್ದವರ ಖಾಸಗಿ ಕೋಣೆಗಳಿಲ್ಲ. ಎದುರಾಳಿ ಫೌಲ್‌ಗೆ ಸಿಕ್ಕ ಫ್ರೀ ಥ್ರೋ ಎಸೆಯುವಾಗ ಆ ಗೋಡೆಯೇ ಎದ್ದು ನಿಂತು ಕುಣಿಯುತ್ತದೆ. ತಲೆಯ ಮೇಲೆ ಉಂಗುರದ ಆಕಾರದ ಸ್ಕೋರ್‌ಬೋರ್ಡ್, ಒಳಗೂ ಹೊರಗೂ ಪರದೆ, ಒಟ್ಟು ಒಂದು ಎಕರೆಗೆ ಹತ್ತಿರ. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು: ಶೌಚಾಲಯ. ಸಾವಿರಕ್ಕೂ ಹೆಚ್ಚು ಇವೆ. ಜನ ಸಾಲಿನಲ್ಲಿ ನಿಂತು ಆಟ ತಪ್ಪಿಸಿಕೊಳ್ಳಬಾರದು ಅಂತ ಬಾಲ್ಮರ್ ಹಟ ಹಿಡಿದು ಹಾಕಿಸಿದ್ದು. ಇಂಟರ್‌ವಲ್‌ನಲ್ಲಿ ಅಮ್ಮನ ಜೊತೆ ಸಾಲಿನಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು.

ತೊಂದರೆ ಎರಡು. ಬಾಗಿಲಿಗೆ ಬರುವ ರೈಲಿಲ್ಲ, ಕಾರು ಅಥವಾ ಶಟಲ್ ಬಸ್ಸು ಬೇಕು. ಮತ್ತೆ, ಪ್ರವೇಶ, ತಿಂಡಿ, ಎಲ್ಲವೂ ಫೋನಿನ ಆ್ಯಪ್ ಮೂಲಕ. ಹಿರಿಯರ ಫೋನಿನಲ್ಲಿ ಮನೆಯಲ್ಲೇ ಎಲ್ಲ ಸಿದ್ಧ ಮಾಡಿಕೊಂಡು ಹೊರಡಿ. ಹೊಸ ಅರೇನಾ ಹೇಗಿರಬೇಕು ಅಂತ ನೋಡುವ ಕುತೂಹಲ ಇದ್ದವರಿಗೆ ನಾನು ಲೇಕರ್ಸ್‌ಗಿಂತ ಇದನ್ನೇ ಹೇಳುತ್ತೇನೆ.

ಉಳಿದವು, ಬೇಗ ಬೇಗ

ಶಿಕಾಗೊದಲ್ಲಿ ಬುಲ್ಸ್ ಆಡುವ ಯುನೈಟೆಡ್ ಸೆಂಟರ್ 1994ರದ್ದು. 20,917 ಆಸನ, ಲೀಗ್‌ನಲ್ಲೇ ಅತಿ ಹೆಚ್ಚು. ದೊಡ್ಡದು ಅಂದಮೇಲೆ ಮೇಲಿನ ಸೀಟು ನಿಜಕ್ಕೂ ದೂರ. ಆದರೆ ಒಳಾಂಗಣದಲ್ಲಿ ಮೈಕಲ್ ಜೋರ್ಡನ್ ಗಾಳಿಯಲ್ಲಿ ಹಾರುತ್ತಿರುವ ಪ್ರತಿಮೆ ಇದೆ. ತೊಂಬತ್ತರ ದಶಕದಲ್ಲಿ ದೂರದರ್ಶನ, ಕೇಬಲ್‌ನಲ್ಲಿ ಅವನನ್ನು ನೋಡಿ ಬೆಳೆದವರು ಅದೊಂದಕ್ಕೇ ಹೋಗಬಹುದು. 1996, 97, 98ರ ಮೂರು ಪ್ರಶಸ್ತಿ ಈ ಮನೆಯಲ್ಲಿದ್ದಾಗ ಬಂದವು. ಮೊದಲ ಮೂರು ರಸ್ತೆಯಾಚೆ ಇದ್ದ ಹಳೆಯ ಶಿಕಾಗೊ ಸ್ಟೇಡಿಯಂನ ಕಾಲದ್ದು.

ಟೊರಾಂಟೊದ ಸ್ಕೋಶಿಯಾಬ್ಯಾಂಕ್ ಅರೇನಾ ಯೂನಿಯನ್ ರೈಲು ನಿಲ್ದಾಣಕ್ಕೆ ಒಳದಾರಿಯಲ್ಲೇ ಸೇರಿಕೊಂಡಿದೆ. ಚಳಿಗಾಲದಲ್ಲಿ ಇದು ವರ. ಅಂಕಣದ ಪಕ್ಕ ಪೇಟ ಕಟ್ಟಿಕೊಂಡು ಕೂತ ಸರ್ದಾರ್‌ಜಿಯೊಬ್ಬರನ್ನು ಟಿವಿಯಲ್ಲಿ ನೋಡಿರಬಹುದು. ಅವರು ನವ್ ಭಾಟಿಯಾ, 1995ರ ಮೊದಲ ಸೀಸನ್‌ನಿಂದ ರ್‍ಯಾಪ್ಟರ್ಸ್ ಜೊತೆಗಿರುವ ಅಭಿಮಾನಿ.

ಡಲ್ಲಾಸ್‌ನಲ್ಲಿ, ಪ್ಲೇನೊ, ಇರ್ವಿಂಗ್ ಕಡೆಯವರಿಗೆ ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಪಕ್ಕದಲ್ಲೇ ವಿಕ್ಟರಿ ರೈಲು ನಿಲ್ದಾಣವಿದೆ, ಕಾರು ಬಿಟ್ಟು ಹೋಗಿ. ಡೆನ್ವರ್ ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ, ಸರಿಯಾಗಿ ಒಂದು ಮೈಲಿ. ಹೊರಗಿನಿಂದ ಬಂದ ತಂಡ ನಾಲ್ಕನೇ ಕ್ವಾರ್ಟರ್‌ನಲ್ಲಿ ಏದುಸಿರು ಬಿಡುವುದನ್ನು ನೋಡಬಹುದು. ನೀವೂ ಮೆಟ್ಟಿಲು ನಿಧಾನಕ್ಕೆ ಹತ್ತಿ.

ಟಿಕೆಟ್ ಕೊಳ್ಳುವ ಮುಂಚೆ, ಹೊರಡುವ ದಿನ

ಮಂಗಳವಾರ, ಬುಧವಾರ, ದುರ್ಬಲ ಎದುರಾಳಿ. ಇವೆರಡೂ ಸೇರಿದ ದಿನ ನೋಡಿ. ಶನಿವಾರ ರಾತ್ರಿ ಲೇಕರ್ಸ್ ಬರುವ ದಿನಕ್ಕೂ ಇದಕ್ಕೂ ಬೆಲೆಯಲ್ಲಿ ಅಜಗಜಾಂತರ. ಮೊದಲ ಸಲ ನೋಡುವವರಿಗೆ ಎದುರಾಳಿ ಯಾರಾದರೇನು? ಸೀಟು ಆರಿಸುವಾಗ ಸೆಕ್ಷನ್ ಸಂಖ್ಯೆ ಮಾತ್ರ ನೋಡಬೇಡಿ, ಸಾಲಿನ ಸಂಖ್ಯೆಯನ್ನೂ ನೋಡಿ. ಒಮ್ಮೆ ನಾನು ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಬ್ಬರಿಂದ ಕೊಂಡ ಟಿಕೆಟ್‌ನಲ್ಲಿ ‘ನೋಟಕ್ಕೆ ಅಡ್ಡಿ ಇದೆ’ ಎಂಬ ಸಣ್ಣ ಅಕ್ಷರದ ಸಾಲನ್ನು ಓದದೆ, ಇಡೀ ಪಂದ್ಯ ಕತ್ತು ಓರೆ ಮಾಡಿಕೊಂಡು ನೋಡಿದ್ದೇನೆ. ವಯಸ್ಸಾದವರಿದ್ದರೆ ದಾರಿಯ ಪಕ್ಕದ ಸೀಟು ಕೇಳಿ. ಲಿಫ್ಟ್ ಎಲ್ಲ ಕಡೆ ಇರುತ್ತದೆ, ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಮನೆಯಿಂದ ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋಗುವ ಆಸೆ ಬಿಡಿ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಪಂದ್ಯ 12 ನಿಮಿಷದ ನಾಲ್ಕು ಕ್ವಾರ್ಟರ್, ಆದರೆ ಗಡಿಯಾರ ನಿಲ್ಲಿಸಿ ನಿಲ್ಲಿಸಿ ಎರಡೂಕಾಲು, ಎರಡೂವರೆ ಗಂಟೆ ಆಗುತ್ತದೆ. ವಾಪಸ್ ಬರುವ ರೈಲಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಒಂದು ಗಂಟೆ ಮುಂಚೆ ಹೋಗಿ. ಆಟಗಾರರು ಅಭ್ಯಾಸಕ್ಕೆ ಬಂದಿರುತ್ತಾರೆ, ಸೀಟುಗಳು ಇನ್ನೂ ಖಾಲಿ. ಮೇಲಿನ ಟಿಕೆಟ್ ಇದ್ದರೂ ಆ ಹೊತ್ತಿನಲ್ಲಿ ಮಕ್ಕಳನ್ನು ಕೆಳಗಿನ ಕಂಬಿಯವರೆಗೆ ಬಿಡುವ ಕಡೆಗಳಿವೆ, ಸಿಬ್ಬಂದಿಯನ್ನು ನಗುಮುಖದಿಂದ ಕೇಳಿ ನೋಡಿ. ಅಕ್ಕನ ಮಗ ಹಾಗೇ ಕಂಬಿ ಹಿಡಿದು ನಿಂತಿದ್ದ. ಸಂಗೀತ ಇನ್ನೂ ಶುರುವಾಗಿರಲಿಲ್ಲ. ಒಬ್ಬನೇ ಒಬ್ಬ ಆಟಗಾರ ಮೂಲೆಯಿಂದ ಎಸೆಯುತ್ತಿದ್ದ. ಶೂ ನೆಲಕ್ಕೆ ಉಜ್ಜಿದ ಕೀಚ್ ಸದ್ದು, ಆಮೇಲೆ ರಿಂಗ್ ಮುಟ್ಟದೆ ಬಲೆಯೊಳಗೆ ಚೆಂಡು ಇಳಿದ ಸದ್ದು. ಹುಡುಗ ಬಾಯಲ್ಲೇ ಎಣಿಸುತ್ತಿದ್ದ. ಹದಿನಾಲ್ಕರವರೆಗೆ ಒಂದೂ ತಪ್ಪಲಿಲ್ಲ. ಹದಿನೈದನೆಯದು ರಿಂಗಿಗೆ ತಾಗಿ ಹೊರಗೆ ಬಿತ್ತು. ಆಟಗಾರ ಅವನ ಕಡೆ ತಿರುಗಿ ನಕ್ಕ.